ಬಿರುಗಾಳಿಯೇ ಕಥೆ ಮುಗಿಸಿದರೆ ಕ್ಯಾಪ್ಟನ್ ಯಾಕೆ ಬೇಕು?

ಪ್ರಶ್ನೆ: 1980ರ ‘ದಿ ಫೈನಲ್ ಕೌಂಟ್‌ಡೌನ್’ ಚಿತ್ರದಲ್ಲಿ ಅಮೆರಿಕದ ಅಣುಚಾಲಿತ ವಿಮಾನವಾಹಕ ‘ನಿಮಿಟ್ಜ್’ ವಿಚಿತ್ರ ಬಿರುಗಾಳಿಗೆ ಸಿಕ್ಕಿ 1941ರ ಡಿಸೆಂಬರ್ 6ಕ್ಕೆ ಹೋಗಿಬಿಡುತ್ತದೆ. ಮರುದಿನ ಬೆಳಿಗ್ಗೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ. ಅದನ್ನು ತಡೆಯಲು ಕ್ಯಾಪ್ಟನ್ ಯೆಲಂಡ್ ವಿಮಾನಗಳನ್ನು ಹಾರಿಸುತ್ತಾನೆ. ಅಷ್ಟರಲ್ಲಿ ಅದೇ ಬಿರುಗಾಳಿ ಮತ್ತೆ ಬರುತ್ತದೆ, ವಿಮಾನಗಳು ವಾಪಸ್, ಹಡಗು 1980ಕ್ಕೆ ವಾಪಸ್. ಅಷ್ಟು ಹೊತ್ತು ಕಾದವರಿಗೆ ಇಷ್ಟೇನಾ? ಬೇರೆ ಹೇಗೆ ಮುಗಿಸಬಹುದಿತ್ತು?
– ಓದುಗರು, ಹಾಸನ

ಉತ್ತರ: ಚಿತ್ರದಲ್ಲಿರುವ ಸಾಮಾನಿನಿಂದಲೇ ಇದಕ್ಕಿಂತ ಚೆನ್ನಾಗಿ ಮುಗಿಸಬಹುದಿತ್ತು. ಬಿರುಗಾಳಿ ಮರಳಿ ಬಂದದ್ದು ತಪ್ಪಲ್ಲ. ಹಾರಿಹೋದ ವಿಮಾನಗಳಿಂದ ಏನೂ ಆಗದೆ ಇದ್ದದ್ದು ತಪ್ಪು. ಹಾರಿಸಿದರೂ ಒಂದೇ, ಹಾರಿಸದಿದ್ದರೂ ಒಂದೇ ಎಂದಾದ ಮೇಲೆ ಕ್ಯಾಪ್ಟನ್ ಯೋಚನೆ ಮಾಡುತ್ತ ಕೂತ ದೃಶ್ಯಗಳೆಲ್ಲ ದಂಡ.

ಇದಕ್ಕೆ ಮದ್ದು ಇತಿಹಾಸದಲ್ಲೇ ಇದೆ. ಪರ್ಲ್ ಹಾರ್ಬರ್ ಇರುವ ಒಆಹು ದ್ವೀಪದ ಉತ್ತರ ತುದಿಯಲ್ಲಿ ಒಪಾನಾ ಎಂಬಲ್ಲಿ ಸೇನೆಯ ಎಸ್‌ಸಿಆರ್-270 ರೇಡಾರ್ ಇತ್ತು. ಡಿಸೆಂಬರ್ 7ರಂದು ಅದರ ಪಾಳಿ ಬೆಳಿಗ್ಗೆ 4ರಿಂದ 7. ಪಾಳಿ ಮುಗಿದ ಮೇಲೂ ಯಂತ್ರ ಆರಿಸದೆ ಕೂತಿದ್ದ ಲಾಕಾರ್ಡ್ ಮತ್ತು ಎಲಿಯಟ್ ಎಂಬ ಇಬ್ಬರು ಸೈನಿಕರಿಗೆ 7.02ಕ್ಕೆ, ಸುಮಾರು 210 ಕಿ.ಮೀ. ಉತ್ತರದಲ್ಲಿ, ದೊಡ್ಡ ಗುಂಪೊಂದು ಕಂಡಿತು. ಫೋರ್ಟ್ ಶಾಫ್ಟರ್‌ನ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಿದರು. ಅಲ್ಲಿದ್ದ ಲೆಫ್ಟಿನೆಂಟ್ ಟೈಲರ್, ಕ್ಯಾಲಿಫೋರ್ನಿಯಾದಿಂದ ಬರಬೇಕಿದ್ದ ನಮ್ಮ ಬಿ-17 ವಿಮಾನಗಳೇ ಇರಬೇಕು ಎಂದುಕೊಂಡು, ತಲೆ ಕೆಡಿಸಿಕೊಳ್ಳಬೇಡಿ ಎಂದುಬಿಟ್ಟ. ಬಂದದ್ದು ಜಪಾನಿನ ಮೊದಲ ಅಲೆಯ 183 ವಿಮಾನಗಳು.

ಹೊಸ ಮುಕ್ತಾಯವನ್ನು ಆ ಉದಾಸೀನಕ್ಕೆ ಗಂಟು ಹಾಕಿ. 7.02ಕ್ಕೆ ಒಂದು ಗಂಟೆ ಮೊದಲು, ಅದೇ ಪರದೆಯ ಮೇಲೆ ನಿಮಿಟ್ಜ್‌ನ ಜೆಟ್‌ಗಳು ಕಾಣಿಸಲಿ. ಪರದೆ ಎಂದರೆ ಈಗಿನಂತೆ ಸುತ್ತುವ ಗೆರೆಯಲ್ಲ. ಅಡ್ಡಡ್ಡ ಒಂದು ಹಸಿರು ಗೆರೆ, ಗುರಿ ಸಿಕ್ಕಲ್ಲಿ ಅದು ಮುಳ್ಳಿನಂತೆ ಮೇಲೇಳುತ್ತದೆ. ಆ ಮುಳ್ಳು ನಿಮಿಷಕ್ಕೆ 13 ಕಿ.ಮೀ. ಜರುಗುತ್ತ ಹೋಗಿ, ಹಿಂದಕ್ಕೆ ತಿರುಗಿ, ಮಾಯವಾಗುತ್ತದೆ. ಆ ಕಾಲದ ದಾಳಿ ವಿಮಾನಗಳ ಗುಂಪು ನಿಮಿಷಕ್ಕೆ 5 ಕಿ.ಮೀ. ದಾಟಿದರೆ ಹೆಚ್ಚು. ಹಾಗಾಗಿ ಮಾಹಿತಿ ಕೇಂದ್ರದವರು ‘ಯಂತ್ರ ಕೆಟ್ಟಿದೆ’ ಎಂದು ಬರೆದಿಡುತ್ತಾರೆ. 7.02ಕ್ಕೆ ನಿಜವಾದ ಶತ್ರು ಕಂಡಾಗ ಆ ಯಂತ್ರವನ್ನು ನಂಬುವವರಿಲ್ಲ. ಕಾಪಾಡಲು ಹೋದವರೇ ಕಾವಲಿನ ಕಣ್ಣು ಕಟ್ಟಿದಂತಾಯಿತು.

ಇದು ಕೊನೆಗೆ ಅಂಟಿಸಿದಂತೆ ಕಾಣಬಾರದಲ್ಲ, ಅದಕ್ಕೆ ಬೀಜ ಮೊದಲೇ ಬೀಳಬೇಕು. ನಿಮಿಟ್ಜ್‌ನ ಅಧಿಕಾರಿ ಕಮಾಂಡರ್ ಓವೆನ್ಸ್ ಪರ್ಲ್ ಹಾರ್ಬರ್ ಬಗ್ಗೆ ಪುಸ್ತಕ ಬರೆಯುತ್ತಿರುವುದು ಚಿತ್ರದಲ್ಲೇ ಇದೆ. ಹಡಗಿಗೆ ಅತಿಥಿಯಾಗಿ ಬಂದ ನಾಗರಿಕ ವಾರನ್ ಲ್ಯಾಸ್ಕಿ ಆ ಹಸ್ತಪ್ರತಿ ತೆರೆದಾಗ ಒಪಾನಾ ಪುಟದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಕಾಣಿಸಿದರೆ ಸಾಕು, ವಿವರಣೆ ಬೇಡ. ಚಿತ್ರದಲ್ಲಿ ಓವೆನ್ಸ್ 1941ರಲ್ಲೇ ಉಳಿದುಬಿಡುತ್ತಾನೆ, ಕೊನೆಗೆ 1980ರಲ್ಲಿ ವಯಸ್ಸಾದವನಾಗಿ ಟೈಡ್‌ಮನ್ ಎಂಬ ಹೆಸರಿನಲ್ಲಿ ಕಾರಿನೊಳಗೆ ಕಾಯುತ್ತಿರುತ್ತಾನೆ. ಅವನು ಲ್ಯಾಸ್ಕಿ ಕೈಗೆ ಆ ಪುಟವನ್ನು ಕೊಡಲಿ. ಪ್ರಶ್ನಾರ್ಥಕ ಚಿಹ್ನೆ ಹೊಡೆದುಹಾಕಿ, ಪಕ್ಕದಲ್ಲಿ ಉತ್ತರ ಬರೆದಿರಲಿ.

ಜೆಟ್‌ಗಳ ಎತ್ತರದಲ್ಲಿ ಎಡವಬೇಡಿ. ಅಲೆ ಸವರಿಕೊಂಡು 200 ಅಡಿಯಲ್ಲಿ ಹೋದರೆ ಭೂಮಿಯ ಬಾಗು ಅಡ್ಡ ಬಂದು, ಸುಮಾರು 85 ಕಿ.ಮೀ. ಆಚೆಗಿನದ್ದು ಒಪಾನಾಕ್ಕೆ ಕಾಣದು. 25,000 ಅಡಿಯಲ್ಲಿ ಹೋದರೆ ಬಾಗು ಅಡ್ಡಿಯಲ್ಲ. ರೇಡಾರ್ ತನ್ನ ಪೂರ್ತಿ ಶಕ್ತಿಯ ಮಟ್ಟಿಗೆ, ಅಂದರೆ ಸುಮಾರು 240 ಕಿ.ಮೀ. ತನಕ ನೋಡುತ್ತದೆ. ಕೆಳಗೆ ಹಾರಿದರೆ ಜೆಟ್ ಹೆಚ್ಚು ಇಂಧನ ಕುಡಿಯುವುದರಿಂದ ಮೇಲೆ ಹಾರಲು ಕಾರಣವೂ ಸಿಕ್ಕಿತು.

ಪ್ರಶ್ನೆ: ಹಾಗಾದರೂ ವಿಮಾನಗಳನ್ನು ವಾಪಸ್ ಕರೆಸುವುದು ಬಿರುಗಾಳಿಯೇ ತಾನೇ? ಕ್ಯಾಪ್ಟನ್ ಕೆಲಸವೇನು?
– ಓದುಗರು, ಪುತ್ತೂರು

ಉತ್ತರ: ಅವನ ಕೈಗೆ ಗಡಿಯಾರ ಕೊಡಿ. ಬಿರುಗಾಳಿ ಮುಟ್ಟಲು 40 ನಿಮಿಷ ಎಂಬುದು ಪ್ರೇಕ್ಷಕರಿಗೂ ಗೊತ್ತಿರಲಿ. ಆಗ ಸಮಯ 5.50. ಜಪಾನಿನ ಹಡಗುಗಳು ಒಆಹುವಿನಿಂದ ಸುಮಾರು 370 ಕಿ.ಮೀ. ಉತ್ತರಕ್ಕಿದ್ದು, 6ರ ಹೊತ್ತಿಗೆ ವಿಮಾನ ಹಾರಿಸಲು ಶುರುಮಾಡುತ್ತವೆ. ಜೆಟ್‌ಗಳಿಗೆ ಗುರಿ ಇನ್ನು 10 ನಿಮಿಷ ದೂರ, ನಿಮಿಟ್ಜ್ 15 ನಿಮಿಷ ಹಿಂದೆ. ಹೋದ ವಿಮಾನಗಳು 24 ಎಂದಿಟ್ಟುಕೊಳ್ಳಿ. ಡೆಕ್ ಮೇಲೆ ಒಂದೊಂದಾಗಿ, ನಿಮಿಷಕ್ಕೊಂದರಂತೆ ಇಳಿದರೂ 24 ನಿಮಿಷ. ಈಗಲೇ ತಿರುಗಿದರೆ 15 ಮತ್ತು 24, ಒಟ್ಟು 39. ದಾಳಿ ಮಾಡಿಯೇ ಬರುವುದಾದರೆ ಹೋಗಲು 10, ದಾಳಿಗೆ 5, ಮರಳಲು 25, ಇಳಿಯಲು 24: ಒಟ್ಟು 64. ಅಂದರೆ ಇಡೀ ತಂಡ 1941ರಲ್ಲೇ ಬಾಕಿ.

ಈಗ ತೀರ್ಮಾನ ಯೆಲಂಡ್‌ದು. 39 ನಿಮಿಷ ಎಂಬ ಲೆಕ್ಕವೂ ಎಲ್ಲರೂ ಮೊದಲ ಸಲಕ್ಕೇ ಇಳಿದರೆ ಮಾತ್ರ. ಅಲೆಗೆ ಡೆಕ್ ಏಳುತ್ತ ಬೀಳುತ್ತ ಇರುವಾಗ ವಿಮಾನದ ಬಾಲದ ಕೊಕ್ಕೆ ನಾಲ್ಕು ತಂತಿಗಳಲ್ಲಿ ಒಂದನ್ನೂ ಹಿಡಿಯದೆ ಹೋಗಬಹುದು. ಪೈಲಟ್ ಪೂರ್ತಿ ವೇಗದಲ್ಲೇ ಮೇಲೆದ್ದು ಸುತ್ತು ಹಾಕಿ ಮತ್ತೆ ಬರಬೇಕು. ಆ ಸುತ್ತಿಗೆ ಸಮಯವಿಲ್ಲ. ಹಾಗೆ ಒಬ್ಬನನ್ನು ಹೊರಗೆ ಬಿಟ್ಟೇ ಹಡಗು ಮಾಯವಾದರೆ, ಬೆಲೆ ತೆತ್ತದ್ದು ಕಣ್ಣಿಗೆ ಕಾಣುತ್ತದೆ.

ಪ್ರಶ್ನೆ: ಇಷ್ಟೆಲ್ಲ ಯಾಕೆ? ಜೆಟ್‌ಗಳು ಹೋಗಿ ಜಪಾನಿನ ಆರೂ ವಿಮಾನವಾಹಕಗಳನ್ನು ಮುಳುಗಿಸಿದ್ದರೆ ಥಿಯೇಟರ್‌ನಲ್ಲಿ ಶಿಳ್ಳೆ ಬೀಳುತ್ತಿತ್ತು!
– ಓದುಗರು, ದಾವಣಗೆರೆ

ಉತ್ತರ: ಶಿಳ್ಳೆ ಬೀಳುತ್ತಿತ್ತು, ಹತ್ತು ನಿಮಿಷ. ಆಮೇಲೆ ಆಕಳಿಕೆ. ಆ ಹಡಗುಗಳ ಹ್ಯಾಂಗರ್ ತುಂಬ ಇಂಧನ ತುಂಬಿದ, ಬಾಂಬ್ ಕಟ್ಟಿದ ವಿಮಾನಗಳು. 1942ರ ಮಿಡ್‌ವೇ ಕದನದಲ್ಲಿ ‘ಅಕಾಗಿ’ಯ ಕಥೆ ಮುಗಿಯಲು ನೇರವಾಗಿ ಬಿದ್ದ ಒಂದೇ ಬಾಂಬ್ ಸಾಕಾಯಿತು. 1980ರ ಜೆಟ್‌ಗಳ ಎದುರು ಅವು ನಿಲ್ಲುವ ಮಾತೇ ಇಲ್ಲ. ಸೋಲುವ ಭಯವೇ ಇಲ್ಲದ ಕಡೆ ಯುದ್ಧದ ದೃಶ್ಯಕ್ಕೆ ರುಚಿ ಇರುವುದಿಲ್ಲ.

ಪ್ರಶ್ನೆ: ರೇಡಿಯೊದಲ್ಲಿ ಎಚ್ಚರಿಸಿದ್ದರೆ ಸಾಕಿತ್ತಲ್ಲವೇ?
– ಓದುಗರು, ಮಸ್ಕತ್

ಉತ್ತರ: ಚಿತ್ರದಲ್ಲಿ ನಿಮಿಟ್ಜ್‌ನವರು ಸಮುದ್ರದಿಂದ ಕಾಪಾಡಿ ತಂದ 1941ರ ಸೆನೆಟರ್ ಚಾಪ್‌ಮನ್ ಆ ಪ್ರಯತ್ನ ಮಾಡುತ್ತಾನೆ, ಯಾರೂ ನಂಬುವುದಿಲ್ಲ. ಸರಿಯಾಗಿಯೇ ಇದೆ, 1941ರಲ್ಲಿ ‘ನಿಮಿಟ್ಜ್’ ಎಂಬ ಹಡಗೇ ಇರಲಿಲ್ಲ.

ಪ್ರಶ್ನೆ: ಇತಿಹಾಸ ಬದಲಾಗಿಯೇಬಿಟ್ಟಿತು ಎಂದು ಮುಗಿಸಬೇಕಿದ್ದರೆ? ಬದಲಾದ ಜಗತ್ತನ್ನು ತೋರಿಸಲು ಇನ್ನೊಂದು ಸಿನಿಮಾವೇ ಬೇಕಾಗುತ್ತದಲ್ಲ.
– ಓದುಗರು, ಧಾರವಾಡ

ಉತ್ತರ: ಒಂದು ಶಾಟ್ ಸಾಕು. ಈ ಹಡಗಿಗೆ ಯಾರ ಹೆಸರಿಟ್ಟರೋ ಆ ಚೆಸ್ಟರ್ ನಿಮಿಟ್ಜ್ 1941ರ ಡಿಸೆಂಬರ್ ಮೊದಲ ವಾರದಲ್ಲಿ ವಾಷಿಂಗ್ಟನ್‌ನಲ್ಲಿ ಕಚೇರಿ ಕೆಲಸದಲ್ಲಿದ್ದ ಅಧಿಕಾರಿ. ದಾಳಿಯ ನಂತರ ಅಡ್ಮಿರಲ್ ಕಿಮ್ಮೆಲ್ ಅವರನ್ನು ಕೆಳಗಿಳಿಸಿದ್ದರಿಂದ ಪೆಸಿಫಿಕ್ ನೌಕಾಪಡೆ ಇವರ ಕೈಗೆ ಬಂತು. ಅಧಿಕಾರ ವಹಿಸಿಕೊಂಡದ್ದು ಡಿಸೆಂಬರ್ 31ರಂದು. ದಾಳಿ ನಡೆಯದಿದ್ದರೆ ಕಿಮ್ಮೆಲ್ ಅವರನ್ನು ಇಳಿಸುವ ಕಾರಣವಿರಲಿಲ್ಲ, ಈ ಹಡಗಿಗೆ ಆ ಹೆಸರು ಬರುತ್ತಿದ್ದದ್ದೂ ಅನುಮಾನ. ಬಂದರಿಗೆ ಮರಳುವ ಹಡಗಿನ ಹಿಂಭಾಗದಲ್ಲಿ ಬೇರೆ ಹೆಸರು ಬರೆದಿದೆ, ಡೆಕ್ ಮೇಲಿರುವ ನಾವಿಕರ ಟೋಪಿಯಲ್ಲಿ ಮಾತ್ರ ಇನ್ನೂ ‘ನಿಮಿಟ್ಜ್’ ಎಂದಿದೆ. ಸಂಭಾಷಣೆ ಬರೆಯುವ ಕೆಲಸವೇ ಇಲ್ಲ.