ವೃದ್ಧಾಶ್ರಮಕ್ಕೆ ಮೀನಿನ ಟ್ಯಾಂಕ್: ಆಫೀಸಿನಲ್ಲಿ ಬೇಡ, ಊಟದ ಹಾಲ್‌ನಲ್ಲಿಡಿ

ಅಕ್ಕಾ, ನಿಮ್ಮ ಅತ್ತೆ ಇರುವ ವೃದ್ಧಾಶ್ರಮಕ್ಕೆ ಟ್ಯಾಂಕ್ ಕೊಟ್ಟರೆ ಅಲ್ಲಿನವರಿಗೆ ನಿಜವಾಗಿ ಉಪಯೋಗ ಇದೆಯಾ, ಯಾವ ಮೀನು ಬಿಡಲಿ ಅಂತ ಕೇಳಿದ್ದೀರಿ. ಉಪಯೋಗ ಇದೆ, ಇಡುವ ಜಾಗ ಸರಿಯಿದ್ದರೆ.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ನ್ಯಾನ್ಸಿ ಎಡ್ವರ್ಡ್ಸ್ ಮತ್ತು ಅಲನ್ ಬೆಕ್ ಅಲ್ಝೈಮರ್ ಅನ್ನುವ ಮರೆವಿನ ಕಾಯಿಲೆ ಇರುವ 62 ಜನರನ್ನು ಗಮನಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಊಟದ ಕೋಣೆಗೆ ಅಕ್ವೇರಿಯಂ ಬಂದ ಎರಡೇ ವಾರದಲ್ಲಿ ಅವರು ತಿನ್ನುವುದು ಶೇ. 21ರಷ್ಟು ಜಾಸ್ತಿಯಾಗಿತ್ತು. 16 ವಾರಗಳಲ್ಲಿ ಸರಾಸರಿ ಮುಕ್ಕಾಲು ಕೆಜಿ ತೂಕವೂ ಏರಿತ್ತು. ಮರೆವಿನ ಕಾಯಿಲೆಯವರು ಎರಡು ತುತ್ತು ತಿಂದು ಎದ್ದು ಹೋಗಿಬಿಡುತ್ತಾರೆ, ಇಲ್ಲಾ ತೂಕಡಿಸುತ್ತಾರೆ. ಎದುರಿಗೆ ಮೀನು ಓಡಾಡುತ್ತಿದ್ದರೆ ನೋಡುತ್ತಾ ಕೂರುತ್ತಾರೆ, ತಟ್ಟೆಯೂ ಖಾಲಿಯಾಗುತ್ತದೆ.

ನಾನು ಒಂದು ಆಶ್ರಮಕ್ಕೆ ಕೊಟ್ಟ ಟ್ಯಾಂಕನ್ನು ಆಫೀಸಿನ ಪಕ್ಕ ಇಟ್ಟಿದ್ದರು. ಬಂದುಹೋಗುವವರು ನೋಡುತ್ತಿದ್ದರು, ಅಜ್ಜ ಅಜ್ಜಿಯರಲ್ಲ. ಊಟದ ಹಾಲ್‌ಗೆ ಬಂದ ಮೇಲೆ ಇನ್ನೊಂದು ತಾಪತ್ರಯ: ಎಲ್ಲರೂ ಪ್ರೀತಿಯಿಂದ ಚಪಾತಿ ಚೂರು ಹಾಕಿ ಹಾಕಿ ನೀರು ಕೆಟ್ಟು ಮೀನು ಸತ್ತವು. ಅದಕ್ಕೇ ಮುಚ್ಚಳ ಭದ್ರವಾಗಿರಲಿ. ಮೀನಿನ ಆಹಾರವನ್ನು ವಾರದ ಮಾತ್ರೆ ಡಬ್ಬಿಯಲ್ಲಿ ದಿನಕ್ಕೊಂದು ಚಿಟಿಕೆಯಂತೆ ತುಂಬಿಡಿ, ಉಳಿದದ್ದು ಬೀರುವಿನಲ್ಲಿರಲಿ. ದಿನಕ್ಕೊಬ್ಬರ ಸರದಿ. ಈ ಸರದಿಗೆ ಅಲ್ಲಿ ಜಗಳವೇ ಆಗುತ್ತದೆ, ಆಗಲಿ ಬಿಡಿ!

ಎರಡು ಅಡಿಯ ಟ್ಯಾಂಕ್ ಸಾಕು. ನೀರೇ ಸುಮಾರು 50 ಲೀಟರ್ ಹಿಡಿಯುತ್ತದೆ, ಟೀಪಾಯಿ ಮೇಲೆ ಇಡಬೇಡಿ. ಗಟ್ಟಿ ಸ್ಟ್ಯಾಂಡ್ ಬೇಕು, ಗಾಲಿಕುರ್ಚಿಯಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ. ಕಿಟಕಿ ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ. ಕೆಂಪು ಪ್ಲಾಟಿ, ಕಪ್ಪು ಮೋಲಿ ಬಿಡಿ: ಬೋರ್‌ವೆಲ್‌ನ ಗಡಸು ನೀರಿಗೂ ಒಗ್ಗುತ್ತವೆ, ಮರಿ ಹಾಕುತ್ತವೆ, ಪೊರೆ ಬಂದ ಕಣ್ಣಿಗೂ ಕಾಣುತ್ತವೆ. ನಿಯಾನ್ ಟೆಟ್ರಾ ಮೀನು ಚೆಂದವೇ, ಆದರೆ ತೀರಾ ಪುಟ್ಟದು, ಅವರಿಗೆ ಕಾಣಬೇಕಲ್ಲ? ಮೊದಲು ನಾಲ್ಕೇ ಮೀನು. ಫಿಲ್ಟರ್‌ನಲ್ಲಿ ನೀರನ್ನು ಶುದ್ಧವಾಗಿಡುವ ಒಳ್ಳೆಯ ಬ್ಯಾಕ್ಟೀರಿಯಾ ಬೆಳೆಯಲು ಒಂದು ತಿಂಗಳಾದರೂ ಬೇಕು, ಆಮೇಲೆ ಉಳಿದವು.

ಗಾಯವಿರುವ ಕೈಯನ್ನು ಯಾರೂ ನೀರಿಗೆ ಹಾಕಬಾರದು. ಸೋಂಕಾಗಬಹುದು.

ಮೀನಿನ ಬದಲು ಆಶ್ರಮದಲ್ಲಿ ಗಿಳಿ ಸಾಕಿ ಅನ್ನುವವರೂ ಇದ್ದಾರೆ. ನಮ್ಮ ಊರಿನ ಗಿಳಿಗಳನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಸುಮ್ನೆ ಆಶ್ರಮದವರನ್ನು ತೊಂದರೆಗೆ ಸಿಕ್ಕಿಸಬೇಡಿ.

ನೀರು ಬದಲಾಯಿಸುವ ಕೆಲಸ ಅಲ್ಲಿನ ಆಯಾಗಳ ಮೇಲೆ ಹೇರಬೇಡಿ, ಅವರಿಗೆ ಈಗಲೇ ಕೈತುಂಬಾ ಕೆಲಸ. ನೀವು ಹೇಗೂ ಭಾನುವಾರ ಹೋಗುತ್ತೀರಲ್ವಾ? ವಾರಕ್ಕೆ ಕಾಲು ಭಾಗ ನೀರು ಬದಲಾಯಿಸಿದರೆ ಸಾಕು, ಅಂದರೆ ಒಂದು ಬಕೆಟ್. ಹಿಂದಿನ ದಿನವೇ ನೀರು ಹಿಡಿದಿಡಲು ಹೇಳಿ, ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಬದಲಾಯಿಸಿ.