ಮೆಕ್ಕೆಜೋಳ ಹಾಕಿದ ಲಾಗರ್‌ಗಳನ್ನು ಪಟ್ಟಿಯಿಂದ ತೆಗೆಯಬೇಡಿ

ಅಮೆರಿಕದ ಕ್ರಾಫ್ಟ್ ಲಾಗರ್ (ಸಣ್ಣ, ಸ್ವತಂತ್ರ ಬ್ರೂವರಿಗಳು ತಣ್ಣಗೆ ಹುದುಗಿಸಿ ಮಾಡುವ ಬಿಯರ್) ಮೇಲೋ, ಹಳೆಯ ರೀಜನಲ್ ಬ್ರೂವರಿಗಳ ಲಾಗರ್ ಮೇಲೋ, ಅಂಕ ಕೊಡುವುದನ್ನು ಕಲಿಯಲು ದೋಷ ಗುರುತಿಸುವ ಕಿಟ್ ಕೊಳ್ಳಬೇಕಾ ಅಂತ ಕೇಳಿದ್ದೀರಿ. ಮೆಕ್ಕೆಜೋಳ ಹಾಕಿದವನ್ನೆಲ್ಲ ಮೊದಲೇ ರುಚಿ ನೋಡುವ ಪಟ್ಟಿಯಿಂದ ತೆಗೆದಿದ್ದೇನೆ ಅಂತಲೂ ಬರೆದಿದ್ದೀರಿ. ಆ ಸಾಲು ನೋಡಿಯೇ ನಾನು ಉತ್ತರ ಬರೆಯಲು ಕೂತದ್ದು. ನಾನೂ ಹಾಗೇ ಮಾಡಿದ್ದೆ.

ನಾನು ದಾವಣಗೆರೆ ಕಡೆಯವಳು. ಕಣ್ಣು ಹಾಯಿಸಿದಲ್ಲೆಲ್ಲ ಮೆಕ್ಕೆಜೋಳ ಬೆಳೆಯುವ ಊರು. ಕೆಲಸಕ್ಕೆ ಅಂತ ಫಿಲಡೆಲ್ಫಿಯಾಗೆ ಬಂದೆ. ಆ ಊರಿನ ಬಾರ್‌ಗಳಲ್ಲಿ ಸುಮ್ನೆ ಲಾಗರ್ ಕೊಡಿ ಅಂದರೆ ಸಾಕು, ಯಿಂಗ್ಲಿಂಗ್ ತಂದಿಡುತ್ತಾರೆ. ಪಾಟ್ಸ್‌ವಿಲ್‌ನಲ್ಲಿ 1829ರಲ್ಲಿ ಶುರುವಾದ ಬ್ರೂವರಿ ಅದು. ಅಮೆರಿಕದಲ್ಲಿ ಈಗಲೂ ನಡೆಯುತ್ತಿರುವವುಗಳಲ್ಲಿ ಅದೇ ಅತಿ ಹಳೆಯದು. ಕುಡಿದೆ, ಇಷ್ಟವಾಯಿತು. ಆಮೇಲೆ ಯಾರೋ ವಿಕ್ಟರಿ ಬ್ರೂವರಿಯ ಪ್ರೈಮಾ ಪಿಲ್ಸ್ ಅನ್ನುವ ಪಿಲ್ಸ್ನರ್, ಅಂದರೆ ತಿಳಿ ಬಣ್ಣದ ಕಹಿ ಲಾಗರ್, ಕೊಡಿಸಿದರು. ಒಣ ಒಣ, ಚುರುಕು ಕಹಿ, ಹಸಿ ಹುಲ್ಲಿನಂಥ ಹಾಪ್ಸ್ (ಬಿಯರ್‌ಗೆ ಕಹಿ, ವಾಸನೆ ಕೊಡುವ ಹೂ) ವಾಸನೆ. ಒಳ್ಳೆಯ ಲಾಗರ್ ಅಂದರೆ ಇದೇ ಅಂತ ಅವತ್ತೇ ತೀರ್ಮಾನ ಮಾಡಿಬಿಟ್ಟೆ. ಬರೀ ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) ಇರಬೇಕು, ಕಹಿ ಇರಬೇಕು. ಮೆಕ್ಕೆಜೋಳ (ಮುಂದೆ ಬರೀ ಜೋಳ ಅಂದರೂ ಅದೇ), ಅಕ್ಕಿ ಹಾಕಿದ್ದೆಲ್ಲ ಖರ್ಚು ಉಳಿಸುವ ಕಳ್ಳದಾರಿ.

ಈ ಹುಚ್ಚು ಹತ್ತಿದ ಮೇಲೆ ಬಿಜೆಸಿಪಿ ತೀರ್ಪುಗಾರರ ಪರೀಕ್ಷೆಗೆ ಓದತೊಡಗಿದೆ. 1985ರಿಂದ ಬಿಯರ್ ತೀರ್ಪುಗಾರರನ್ನು ತಯಾರು ಮಾಡುತ್ತಿರುವ ಸಂಸ್ಥೆ ಅದು. ನೀವು ಕೇಳಿದಂಥದೇ ಕಿಟ್ ತರಿಸಿಕೊಂಡೆ. ಒಂದೊಂದು ಕ್ಯಾಪ್ಸೂಲ್ ಒಂದೊಂದು ದೋಷ. ಸಪ್ಪೆ ಲಾಗರ್‌ಗೆ ಬೆರೆಸಿ ಮೂಸುವುದು. ಬೆಣ್ಣೆ ವಾಸನೆ ಬಂದರೆ ಡೈಅಸಿಟೈಲ್. ಹಸಿರು ಸೇಬಿನ ವಾಸನೆ ಬಂದರೆ ಅಸಿಟಾಲ್ಡಿಹೈಡ್. ಬೇಯಿಸಿದ ಜೋಳದ ವಾಸನೆ ಬಂದರೆ ಡಿಎಂಎಸ್ (ಡೈಮೀಥೈಲ್ ಸಲ್ಫೈಡ್). ಕೊನೆಯದನ್ನಂತೂ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಜೋಳ ಬೇಯಿಸುವ ವಾಸನೆ ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ರುಚಿ ಪರೀಕ್ಷೆಯಲ್ಲಿ 90 ನಿಮಿಷ, 6 ಬಿಯರ್. ಅದರಲ್ಲಿ ಒಂದು ಅಮೆರಿಕನ್ ಲಾಗರ್. ಮೂಸಿದೆ, ಜೋಳ. ಕುಡಿದೆ, ಮತ್ತೆ ಜೋಳ. ಡಿಎಂಎಸ್ ಜಾಸ್ತಿ ಇದೆ ಅಂತ ಬರೆದು 50ಕ್ಕೆ ಇಪ್ಪತ್ತರ ಆಸುಪಾಸು ಅಂಕ ಕೊಟ್ಟೆ. ಹೆಚ್ಚು ಹೊತ್ತು ಕುದಿಸಿ ಅಂತ ಸಲಹೆಯನ್ನೂ ಬರೆದೆ. ಅದೇ ಬಿಯರ್‌ಗೆ ಹಿರಿಯ ತೀರ್ಪುಗಾರರು ಮೂವತ್ತರ ಮೇಲೆ ಕೊಟ್ಟಿದ್ದರು. ಅದರಲ್ಲಿ ದೋಷವೇ ಇರಲಿಲ್ಲ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕಂದರೆ ನೀವು ಅದರ ಬಾಗಿಲಲ್ಲೇ ನಿಂತಿದ್ದೀರಿ.

ಡಿಎಂಎಸ್‌ಗೆ ಜೋಳದ ವಾಸನೆ ಇದೆ ನಿಜ, ಆದರೆ ಅದು ಬರುವುದು ಜೋಳದಿಂದ ಅಲ್ಲ, ಬಾರ್ಲಿಯಿಂದ. ಬಾರ್ಲಿ ಮೊಳಕೆ ಒಡೆಯುವಾಗ ಎಸ್ಎಂಎಂ ಅನ್ನುವ ವಸ್ತು ಹುಟ್ಟುತ್ತದೆ. ಪಿಲ್ಸ್ನರ್ ಮಾಲ್ಟನ್ನು ಹದವಾದ ಬಿಸಿಯಲ್ಲೇ ಒಣಗಿಸುವುದರಿಂದ ಅದರಲ್ಲಿ ಇದು ಜಾಸ್ತಿ ಉಳಿದಿರುತ್ತದೆ. ರಸ ಕುದಿಸುವಾಗ ಅದೇ ಒಡೆದು ಡಿಎಂಎಸ್ ಆಗಿ ಹಬೆಯ ಜೊತೆ ಹೊರಟುಹೋಗುತ್ತದೆ. ಕುದಿ ಸಾಲದಿದ್ದರೆ, ಮುಚ್ಚಳ ಹಾಕಿ ಕುದಿಸಿದರೆ ಅಥವಾ ಕುದಿಸಿದ ಮೇಲೆ ನಿಧಾನವಾಗಿ ಆರಿಸಿದರೆ ಬಿಯರ್‌ನಲ್ಲೇ ಉಳಿಯುತ್ತದೆ. ಅಂದರೆ ಒಂದು ಕಾಳು ಜೋಳ ಹಾಕದ, ಬರೀ ಮಾಲ್ಟಿನ ದುಬಾರಿ ಕ್ರಾಫ್ಟ್ ಪಿಲ್ಸ್ನರ್‌ನಲ್ಲೇ ಈ ದೋಷ ಬರುವ ಸಾಧ್ಯತೆ ಹೆಚ್ಚು. ಜೋಳ ಹಾಕಿದ ಲಾಗರ್‌ನಲ್ಲಿ ಮಾಲ್ಟಿನ ಪಾಲೇ ಕಡಿಮೆ ಅಲ್ವಾ?

ಎರಡೂ ವಾಸನೆ ಬೇರೆ. ಡಿಎಂಎಸ್ ಅಂದರೆ ತೆನೆ ಬೇಯಿಸಿದ ಪಾತ್ರೆಯಲ್ಲಿ ಉಳಿದ ನೀರಿನ ವಾಸನೆ. ಅದರಲ್ಲಿ ತುಸು ಎಲೆಕೋಸಿನ ಎಳೆಯೂ ಇರುತ್ತದೆ. ತಟ್ಟನೆ ಮೂಗಿಗೆ ಹೊಡೆಯುತ್ತದೆ, ಗ್ಲಾಸ್ ತೆರೆದಿಟ್ಟರೆ ಬೇಗ ಕಡಿಮೆಯಾಗುತ್ತದೆ. ಜೋಳದ ಗುಣ ಅಂದರೆ ಆಗಷ್ಟೇ ಬೀಸಿದ ಜೋಳದ ಹಿಟ್ಟಿನ ಒಣ ಸಿಹಿ. ಅದು ಮೂಗಿಗಿಂತ ನಾಲಿಗೆಯ ನಡುವಲ್ಲಿ ಜಾಸ್ತಿ ಸಿಗುತ್ತದೆ. ಗ್ಲಾಸಿನ ಬಾಯಿಗೆ ಅಂಗೈ ಮುಚ್ಚಿ, ಅಲುಗಿಸಿ, ತೆಗೆದ ಕೂಡಲೇ ಮೂಸಿ. ಐದು ನಿಮಿಷ ಬಿಟ್ಟು ಮತ್ತೆ ಮೂಸಿ. ಮೊದಲು ಹೊಡೆದ ವಾಸನೆ ಇಳಿದುಹೋದರೆ ಡಿಎಂಎಸ್ ಅಂತ ಅನುಮಾನ ಪಡಿ. ಅಂಥ ವಾಸನೆಯೇ ಇಲ್ಲದೆ ನಾಲಿಗೆ ಮೇಲೆ ಒಣ ಸಿಹಿ ಮಾತ್ರ ಇದ್ದರೆ ಅನುಮಾನ ಪಡಬೇಕಾದದ್ದು ಏನೂ ಇಲ್ಲ. ಬಿಜೆಸಿಪಿ ಕೈಪಿಡಿಯೇ ಅಮೆರಿಕನ್ ಲಾಗರ್‌ನಲ್ಲಿ ಜೋಳದಂಥ ಮೆಲುವಾಸನೆ ಇರಬಹುದು ಎನ್ನುತ್ತದೆ, 40 ಶೇಕಡಾವರೆಗೆ ಜೋಳ ಅಥವಾ ಅಕ್ಕಿಗೆ ಒಪ್ಪಿಗೆ ಕೊಡುತ್ತದೆ. ನಾನು ಅದನ್ನು ಓದಿದ್ದೆ. ಆದರೆ ಗ್ಲಾಸ್ ಎತ್ತುವ ಮೊದಲೇ ತಪ್ಪು ಹುಡುಕಲು ಸಿದ್ಧಳಾಗಿದ್ದೆ.

ಪರೀಕ್ಷೆಯಲ್ಲಿ ಅಂಕದ ನಿಖರತೆಗೆ ಐದನೇ ಒಂದು ಪಾಲು. ಗುಣ ಗುರುತಿಸುವುದಕ್ಕೆ ಇನ್ನೊಂದು ಪಾಲು. ಬ್ರೂವರ್‌ಗೆ ಕೊಡುವ ಸಲಹೆಗೆ ಮತ್ತೊಂದು. ಇಲ್ಲದ ರೋಗಕ್ಕೆ ಮದ್ದು ಬರೆದು ಮೂರೂ ಕಡೆ ಕಳೆದುಕೊಂಡೆ. ಸರ್ಟಿಫೈಡ್ ದರ್ಜೆಗೆ ಬೇಕಾದ 70 ದಾಟಲಿಲ್ಲ. ಮತ್ತೆ ಪರೀಕ್ಷೆಗೆ ಜಾಗ ಸಿಗಲು ತಿಂಗಳುಗಟ್ಟಲೆ ಕಾಯಬೇಕಾಯಿತು.

ಇನ್ನು ನಿಮ್ಮ ಕ್ರಾಫ್ಟ್ ಮೇಲೋ ರೀಜನಲ್ ಮೇಲೋ ಪ್ರಶ್ನೆ. ಅದನ್ನು ನಾನು ಒಪ್ಪುವುದಿಲ್ಲ. ರೀಜನಲ್ ಅನ್ನುವುದು ರುಚಿಯ ಲೆಕ್ಕ ಅಲ್ಲ, ಗಾತ್ರದ ಲೆಕ್ಕ. ವರ್ಷಕ್ಕೆ 15,000ದಿಂದ 60 ಲಕ್ಷ ಬ್ಯಾರಲ್ ತಯಾರಿಸುವ ಬ್ರೂವರಿ ರೀಜನಲ್. ಕ್ರಾಫ್ಟ್ ಅನ್ನುವ ಗೆರೆಯಂತೂ ಜಾಗ ಬದಲಿಸಿದೆ. 2012ರಲ್ಲಿ ಅಮೆರಿಕದ ಸಣ್ಣ ಬ್ರೂವರಿಗಳ ಸಂಘವಾದ ಬ್ರೂವರ್ಸ್ ಅಸೋಸಿಯೇಷನ್ ಕ್ರಾಫ್ಟ್ ಅಲ್ಲದವರ ಪಟ್ಟಿ ಹೊರಡಿಸಿತು. ಮಿನ್ನೆಸೋಟದ ನ್ಯೂ ಅಲ್ಮ್‌ನ ಆಗಸ್ಟ್ ಶೆಲ್ ಅದರಲ್ಲಿತ್ತು, ಕಾರಣ ಮೆಕ್ಕೆಜೋಳ. 1860ರಿಂದ ಒಂದೇ ಕುಟುಂಬ ನಡೆಸುತ್ತಿರುವ ಬ್ರೂವರಿ ಅದು. ಅಮೆರಿಕದ ಆರು ಸಾಲಿನ (ತೆನೆಯಲ್ಲಿ ಆರು ಸಾಲು ಕಾಳಿರುವ) ಬಾರ್ಲಿಯಲ್ಲಿ ಪ್ರೋಟೀನ್ ಜಾಸ್ತಿ. ಅದೊಂದರಿಂದಲೇ ಮಾಡಿದರೆ ಲಾಗರ್ ಮಸುಕಾಗುತ್ತದೆ, ಭಾರ ಆಗುತ್ತದೆ. ಹಳಬರು ಅದಕ್ಕೇ ಊರಲ್ಲಿ ಬೆಳೆಯುವ ಜೋಳ ಬೆರೆಸಿದರು. ಶೆಲ್ ಮನೆತನದ ಜೇಸ್ ಮಾರ್ಟಿ ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. 2014ರಲ್ಲಿ ಅಸೋಸಿಯೇಷನ್ ನಿಯಮ ಬದಲಿಸಿತು. ಶೆಲ್, ಯಿಂಗ್ಲಿಂಗ್ ಎರಡೂ ಕ್ರಾಫ್ಟ್ ಆದವು. ಬಿಯರ್ ಮಾತ್ರ ಮೊದಲಿನದೇ. ಆ ಪತ್ರದ ಕಥೆ ನನಗೆ ಮೊದಲೇ ಗೊತ್ತಿದ್ದರೆ ಜೋಳದ ಬಗ್ಗೆ ಅಷ್ಟು ಬಿಗಿಯಾಗಿ ಇರುತ್ತಿರಲಿಲ್ಲ.

ಹೆಸರು ನೋಡಿ ಅಂಕ ಕೊಡಬೇಡಿ, ಶೈಲಿ ನೋಡಿ ಕೊಡಿ. ಟೆಕ್ಸಾಸ್‌ನ ಶೈನರ್ ಬಾಕ್ ಹೆಸರಲ್ಲಿ ಬಾಕ್ (ಜರ್ಮನಿಯ ಗಟ್ಟಿ ಲಾಗರ್) ಇದೆ, ಆದರೆ ಬಿಜೆಸಿಪಿ ಅದನ್ನು ಇಂಟರ್‌ನ್ಯಾಷನಲ್ ಡಾರ್ಕ್ ಲಾಗರ್ ಸಾಲಿಗೆ ಹಾಕಿದೆ. ಜರ್ಮನ್ ಬಾಕ್ ಅಂತ ಅಳೆದರೆ ಅದು ತೆಳು, ಅದರ ಸಾಲಿನಲ್ಲಿ ಅಳೆದರೆ ಸರಿಯಾಗೇ ಇದೆ. ಬೆಣ್ಣೆ ವಾಸನೆಯೂ ಹಾಗೇ. ಜರ್ಮನ್ ಪಿಲ್ಸ್‌ನಲ್ಲಿ ಅದು ದೋಷ, ಚೆಕ್ ಶೈಲಿಯಲ್ಲಿ ತುಸು ಇದ್ದರೆ ನಡೆಯುತ್ತದೆ.

ಕಿಟ್ ಈಗ ಬೇಡ. ಮೊದಲು ಒಳ್ಳೆಯದು ಹೇಗಿರುತ್ತದೆ ಅಂತ ನಾಲಿಗೆಗೆ ಗೊತ್ತಾಗಲಿ. ಯಿಂಗ್ಲಿಂಗ್ ಮತ್ತು ಬ್ರೂಕ್ಲಿನ್ ಲಾಗರ್ ತನ್ನಿ. ಎರಡೂ ಒಂದೇ ಶೈಲಿಯ ಪಟ್ಟಿಯಲ್ಲಿವೆ, ಇಂಟರ್‌ನ್ಯಾಷನಲ್ ಆಂಬರ್ ಲಾಗರ್. ಮೂರು ಗ್ಲಾಸ್ ಇಡಿ, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಬೇರೆಯವರು ಸುರಿಯಲಿ, ನೀವು ನೋಡಬೇಡಿ. ಯಾವುದು ಬೇರೆ ಅಂತ ಹೇಳಲು ಆಗದಿದ್ದರೆ ಅಂಕ ಬರೆಯಬೇಡಿ. ಲಾಗರ್‌ನ ವ್ಯತ್ಯಾಸಗಳು ಸಣ್ಣವು, ಈ ಪರೀಕ್ಷೆ ನಿಮ್ಮನ್ನು ನಿಧಾನ ಮಾಡುತ್ತದೆ. ಆಮೇಲೆ ಪ್ರೈಮಾ ಪಿಲ್ಸ್ ಜೊತೆ ಕ್ಯಾಲಿಫೋರ್ನಿಯಾದ ಪೀವೋ ಪಿಲ್ಸ್ ಇಡಿ. ಪೀವೋಗೆ ಸಫೀರ್ ಹಾಪ್ಸನ್ನು ಹುದುಗಿದ ಮೇಲೂ ಹಾಕುತ್ತಾರೆ, ಹೂವಿನ ವಾಸನೆ ಎದ್ದು ಬರುತ್ತದೆ. ಮ್ಯಾಸಚೂಸೆಟ್ಸ್‌ನ ಜ್ಯಾಕ್ಸ್ ಆ್ಯಬಿಯವರು 2011ರಿಂದ ಲಾಗರ್‌ಗೇ ಮೀಸಲಾದವರು, ಅವರ ಹೌಸ್ ಲಾಗರ್ ಮಾಲ್ಟಿನ ಸಿಹಿ ಅರ್ಥ ಮಾಡಿಕೊಳ್ಳಲು ಒಳ್ಳೆಯದು.

ಕ್ಯಾನಿನ ತಳದಲ್ಲಿ ದಿನಾಂಕ ನೋಡಿ. ಹಳತಾದ ಲಾಗರ್ ರಟ್ಟಿನ ವಾಸನೆ ಹೊಡೆಯುತ್ತದೆ, ಅದು ಬ್ರೂವರಿಯ ತಪ್ಪಾಗಿರದೆ ಅಂಗಡಿಯ ತಪ್ಪೂ ಆಗಿರಬಹುದು. ಹಸಿರು ಬಾಟಲಿ, ಪಾರದರ್ಶಕ ಬಾಟಲಿ ಬಿಟ್ಟುಬಿಡಿ, ಬೆಳಕು ಬಿದ್ದರೆ ಹಾಪ್ಸ್ ಕೆಟ್ಟು ನಾರುತ್ತದೆ. ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಕುಡಿಯಿರಿ. 7 ಡಿಗ್ರಿ ಆಸುಪಾಸಿನಲ್ಲಿ ರುಚಿ ಬಿಚ್ಚಿಕೊಳ್ಳುತ್ತದೆ.

ರುಚಿ ಪರೀಕ್ಷೆ ಬರೆಯುವ ಮನಸ್ಸಿದ್ದರೆ ಹತ್ತಿರದ ಹೋಮ್‌ಬ್ರೂ (ಮನೆಯಲ್ಲೇ ಬಿಯರ್ ಮಾಡುವವರ) ಕ್ಲಬ್‌ನವರನ್ನು ಈಗಲೇ ಕೇಳಿ ಹೆಸರು ಕೊಟ್ಟಿಡಿ. ಜಾಗ ಸಿಗುವಷ್ಟರಲ್ಲಿ ಅಭ್ಯಾಸಕ್ಕೆ ಬೇಕಾದಷ್ಟು ಸಮಯ ಇರುತ್ತದೆ.