ಗದ್ದೆ, ತೋಟ ಒಟ್ಟಿಗೆ ಕೊಡಬೇಡಿ ಅಣ್ಣಾ

ಕೇರಳದ ಕಾಸರಗೋಡಿನ ಪಕ್ಕದ ಮಧೂರಿನಲ್ಲಿ 80 ಸೆಂಟ್ಸ್ ಅಡಿಕೆ ತೋಟ, ಕೆಳಗೆ 40 ಸೆಂಟ್ಸ್ ಗದ್ದೆ. ಬ್ರೋಕರ್ ಎಲ್ಲ ಒಟ್ಟಿಗೆ ಕೇಳ್ತಾ ಇದ್ದಾನೆ, ತಮ್ಮಂದಿರಿಗೆ ದುಡ್ಡು ಬೇಕು, ನಿಮಗೆ ಮನಸ್ಸಿಲ್ಲ. ಇದೇ ಅಲ್ವಾ ನೀವು ಕೇಳಿದ್ದು?

ರೇಟಿನ ಮಾತು ಆಮೇಲೆ. ಮೊದಲು ವಿಲೇಜ್ ಆಫೀಸಿನಲ್ಲಿ ಯಾವುದು ‘ನಿಲಂ’ (ಗದ್ದೆ), ಯಾವುದು ‘ಪುರಯಿಡಂ’ (ತೋಟ, ಮನೆಯ ಜಾಗ) ಎಂದು ನೋಡಿ. ಕೃಷಿಭವನದಲ್ಲಿ ಡೇಟಾ ಬ್ಯಾಂಕ್, ಅಂದರೆ ಗದ್ದೆಗಳ ಸರಕಾರಿ ಪಟ್ಟಿ, ಕೇಳಿ. ಅದರಲ್ಲಿ ನಿಮ್ಮ ಗದ್ದೆ ಇದ್ದರೆ 2008ರ ಗದ್ದೆ ಸಂರಕ್ಷಣಾ ಕಾನೂನಿನಂತೆ ಮಣ್ಣು ತುಂಬಿಸುವ ಹಾಗಿಲ್ಲ. ಮನೆಗೆ ಬೇರೆ ಜಾಗವೇ ಇಲ್ಲದ ಗದ್ದೆಯವರಿಗೆ ಪಂಚಾಯತಿನಲ್ಲಿ 10 ಸೆಂಟ್ಸ್, ಮುನಿಸಿಪಾಲಿಟಿಯಲ್ಲಿ 5 ಸೆಂಟ್ಸ್ ವಿನಾಯಿತಿ ಉಂಟು, ಅಷ್ಟೆ. 2008ಕ್ಕಿಂತ ಮೊದಲೇ ತುಂಬಿಸಿದ ಜಾಗ ತಪ್ಪಿ ಆ ಪಟ್ಟಿಗೆ ಸೇರಿದ್ದರೆ ಫಾರ್ಮ್ 5ರಲ್ಲಿ ಆರ್‌ಡಿಒಗೆ (ಕಂದಾಯ ವಿಭಾಗಾಧಿಕಾರಿಗೆ) ಅರ್ಜಿ ಹಾಕಬಹುದು. ಈಗಲೂ ನಾಟಿ ಮಾಡುವ ಗದ್ದೆಗೆ ‘ಅದೆಲ್ಲ ನಾವು ಸರಿ ಮಾಡಿಸ್ತೇವೆ’ ಎಂದು ಬ್ರೋಕರ್ ಹೇಳಿದರೆ ನಂಬಬೇಡಿ.

ನನ್ನ ಲೆಕ್ಕದಲ್ಲಿ ಮಾರುವುದೇ ಆದರೆ ರಸ್ತೆ ಬದಿಯ ತುಂಡು ಮಾತ್ರ ಕೊಡಿ. ಬಾವಿ ಇರುವ ಭಾಗ ಬಿಡಬೇಡಿ. ಮಾರ್ಚ್, ಏಪ್ರಿಲಿನಲ್ಲಿ ಉಳಿದ ಅಡಿಕೆಗೆ ನೀರು ಎಲ್ಲಿಂದ ತರುತ್ತೀರಿ? ಗೊಬ್ಬರದ ಪಿಕಪ್ ಒಳಗೆ ಬರುವಷ್ಟು ಅಗಲದ ದಾರಿ ಉಳಿಸಿ, ಅಳತೆಯನ್ನು ಆಧಾರದಲ್ಲೇ (ಕ್ರಯಪತ್ರದಲ್ಲಿ) ಬರೆಸಿ. ಮಳೆನೀರು ಹೋಗುವ ಚರಂಡಿಯನ್ನೂ ಬರೆಸಿ. ಮೇಲಿನ ಜಾಗ ತೆಗೆದುಕೊಂಡವರು ಕಾಂಪೌಂಡ್ ಕಟ್ಟಿ ಅಂಗಳಕ್ಕೆ ಇಂಟರ್‌ಲಾಕ್ ಹಾಕಿದ ಮೇಲೆ ಜೂನ್ ತಿಂಗಳಿನ ನೀರೆಲ್ಲ ನಿಮ್ಮ ಗದ್ದೆಗೇ. ಬಾಯಿ ಮಾತಿಗೆ ಆಗ ಬೆಲೆ ಇಲ್ಲ.

ತೆರಿಗೆ ವಿಷಯ. ಕಾಸರಗೋಡು ಮುನಿಸಿಪಾಲಿಟಿಯ ಜನಸಂಖ್ಯೆ 2011ರ ಗಣತಿಯಲ್ಲಿ ಲಕ್ಷಕ್ಕಿಂತ ಕಡಿಮೆ. ಹಾಗಾಗಿ ಅದರ ಗಡಿಯಿಂದ ನೇರ ಗೆರೆಯಲ್ಲಿ 2 ಕಿಲೋಮೀಟರ್ ದಾಟಿದ ಕೃಷಿ ಭೂಮಿ ಮಾರಿದರೆ ಕ್ಯಾಪಿಟಲ್ ಗೇನ್ಸ್ ತೆರಿಗೆ (ಮಾರಿದ ಲಾಭದ ಮೇಲಿನ ತೆರಿಗೆ) ಬರುವುದಿಲ್ಲ. ರಸ್ತೆಯ ದೂರ ಅಲ್ಲ, ನೆನಪಿರಲಿ. ಮಧೂರು ಪಂಚಾಯತಿನಲ್ಲಿ ಎರಡೂ ಬಗೆಯ ಜಾಗ ಉಂಟು. ಆ 2 ಕಿಲೋಮೀಟರಿನ ಒಳಗೆ ಬಿದ್ದರೂ, ಹಿಂದಿನ ಎರಡು ವರ್ಷ ಅಲ್ಲಿ ನೀವು ಕೃಷಿ ಮಾಡಿದ್ದರೆ, ಮಾರಿದ ಎರಡು ವರ್ಷದೊಳಗೆ ಬೇರೆ ಕೃಷಿ ಭೂಮಿ ತೆಗೆದುಕೊಂಡು ಆ ಮಟ್ಟಿಗೆ ತೆರಿಗೆ ಉಳಿಸಬಹುದು. ಇಲ್ಲೇ ಇನ್ನೊಂದು ತೊಡಕು. ಆಧಾರದಲ್ಲಿ ಬೆಲೆ ಕಡಿಮೆ ತೋರಿಸಿ ಬಾಕಿಯನ್ನು ನಗದು ಕೊಡ್ತೇನೆ ಎನ್ನುತ್ತಾರೆ. ಆ ನಗದಿನಿಂದ ಮುಂದೆ ಜಾಗ ತೆಗೆಯುವಾಗ ಲೆಕ್ಕ ತೋರಿಸುವವರು ನೀವು, ಬ್ರೋಕರ್ ಅಲ್ಲ. ಬ್ಯಾಂಕಿನಲ್ಲೇ ಬರಲಿ.

ಗದ್ದೆಯನ್ನು ಗದ್ದೆಯಾಗಿಯೇ ಇಟ್ಟುಕೊಂಡರೆ ಸರಕಾರದಿಂದ ರಾಯಲ್ಟಿ (ಪ್ರೋತ್ಸಾಹಧನ) ಸಿಗುತ್ತದೆ. 2020ರಲ್ಲಿ ಶುರುವಾದಾಗ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ಇತ್ತು. 40 ಸೆಂಟ್ಸಿಗೆ ಎಷ್ಟಾಗುತ್ತದೆ ನೀವೇ ಭಾಗಿಸಿ, ಚಹಾ ಖರ್ಚಿಗೆ ಸಾಕು! ಬೇರೆಯವರಿಗೆ ಬೇಸಾಯಕ್ಕೆ ಕೊಡುವುದಾದರೂ ಜಾಗ್ರತೆ. ಕೇರಳದಲ್ಲಿ 1970ರ ನಂತರ ಹೊಸ ಗೇಣಿಗೆ ಕಾನೂನಿನ ಬಲ ಇಲ್ಲ. ಗುರುತಿನವರಾದರೆ ಮಾತ್ರ ಕೊಡಿ.

ಒಂದು ವಿಷಯ ನೀವು ಬರೆಯಲಿಲ್ಲ. ಭೂತೆರಿಗೆ ರಶೀದಿ ಈಗ ಯಾರ ಹೆಸರಲ್ಲಿದೆ? ಇನ್ನೂ ತೀರಿಕೊಂಡ ಅಪ್ಪನ ಹೆಸರಲ್ಲೇ ಇದ್ದರೆ, ಪಾಲು ರಿಜಿಸ್ಟರ್ ಆಗಿ ಹೆಸರು ಬದಲಾಗುವವರೆಗೆ ಯಾರಿಂದಲೂ ಅಡ್ವಾನ್ಸ್ ತಗೊಳ್ಳಬೇಡಿ.